ಕಾಳು ಎಣಿಸಿ ಆಟ ಶುರು ಮಾಡಿದ್ದು: ಜೇವರ್ಗಿ ತಾಲೂಕಿನ ಒಂದು ಊರಿನಲ್ಲಿ ನನ್ನ ಅನುಭವ

ಬೆಳಿಗ್ಗೆ ಆರು ಗಂಟೆಗೆ ಶಾಲೆ ಮೈದಾನಕ್ಕೆ ಬನ್ನಿ, ಎಲ್ಲರೂ ಸೇರಿ ನಡೆಯೋಣ ಎಂದು ಮನೆಮನೆಗೆ ಹೇಳಿ ಬಂದಿದ್ದೆವು. ಮೊದಲ ದಿನ ನಾಲ್ಕು ಹೆಂಗಸರು ಬಂದರು. ಎರಡನೇ ದಿನ ಒಬ್ಬರು. ಮೂರನೇ ದಿನ ಊರಿನ ಆರೋಗ್ಯ ಕಾರ್ಯಕರ್ತೆ ಆಶಾ ಅಕ್ಕ ಮತ್ತು ನಾನು ಇಬ್ಬರೇ ನಿಂತಿದ್ದೆವು. ಆ ಹೊತ್ತಿಗೆ ಊರಿನ ಒಂದೊಂದು ಮನೆಯಿಂದಲೂ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ನಾನು ಕಲಬುರಗಿಯಲ್ಲೇ ಹುಟ್ಟಿ ಬೆಳೆದವಳು. ಆ ಸಪ್ಪಳ ಕೇಳಿಕೊಂಡೇ ದೊಡ್ಡವಳಾದೆ. ಆದರೂ ಯೋಜನೆ ಬರೆಯುವಾಗ ಅದು ನನಗೆ ನೆನಪಾಗಿರಲಿಲ್ಲ.

ನಾನು ಸಾರ್ವಜನಿಕ ಆರೋಗ್ಯ ಸಂಶೋಧಕಿ. ಊರಿನವರ ಜೊತೆ ಸೇರಿ, ಆಟದ ಮೂಲಕ ಊರಿನ ಆರೋಗ್ಯಕ್ಕೆ ಏನು ಮಾಡಬಹುದು ಎಂದು ನೋಡುವುದು ನನ್ನ ಕೆಲಸ. ಈ ಊರು ಜೇವರ್ಗಿ ತಾಲೂಕಿನಲ್ಲಿದೆ, ಭೀಮಾ ನದಿಗೆ ಹತ್ತಿರ. ಹೆಸರು ಎಲ್ಲೂ ಬರೆಯುವುದಿಲ್ಲ ಎಂದು ಊರವರಿಗೆ ಮಾತು ಕೊಟ್ಟಿದ್ದೇನೆ. ಎರಡು ವರ್ಷಕ್ಕೂ ಜಾಸ್ತಿ ಹೋಗಿ ಬಂದು ಮಾಡಿದ್ದೇನೆ. ಇಂಥದ್ದೇ ಕೆಲಸಕ್ಕೆ ಕೈ ಹಾಕಬೇಕು ಎಂದಿರುವ ಶಿಕ್ಷಕರು, ಆರೋಗ್ಯ ಕಾರ್ಯಕರ್ತೆಯರು ಆಗಾಗ ಕೇಳುತ್ತಿರುತ್ತಾರೆ. ನಮ್ಮಲ್ಲಿ ಏನಾಯಿತು, ಎಲ್ಲಿ ಎಡವಿದೆವು ಎಂದು ಅವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ನನ್ನ ಕೈಯಲ್ಲಿದ್ದದ್ದು ಒಂದು ಪ್ರಶ್ನಾವಳಿ. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ್ದು, ಬಹಳ ದೇಶಗಳಲ್ಲಿ ಬಳಸುತ್ತಾರೆ. ಕೆಲಸ, ಓಡಾಟ, ಬಿಡುವು, ಈ ಮೂರರಲ್ಲಿ ವಾರಕ್ಕೆ ಎಷ್ಟು ನಿಮಿಷ ಮೈ ದಣಿಸುತ್ತೀರಿ ಎಂದು ಅದು ಕೇಳುತ್ತದೆ. ಸಾಧಾರಣ ಶ್ರಮದ ಒಂದು ನಿಮಿಷಕ್ಕೆ 4 ಅಂಕ, ಜೋರು ಶ್ರಮಕ್ಕೆ 8. ವಾರಕ್ಕೆ 600 ಮುಟ್ಟಿದರೆ ಅಷ್ಟು ಚಟುವಟಿಕೆ ಸಾಕು ಎಂದು ಲೆಕ್ಕ. ಹತ್ತಿ ಬಿಡಿಸಲು ಹೋಗುವ ಒಬ್ಬ ಹೆಣ್ಣುಮಗಳ ಹತ್ತಿರ ಕೂತು ಕೇಳಿದೆ. ದಿನಕ್ಕೆ 7 ತಾಸು, ವಾರಕ್ಕೆ 6 ದಿನ. ಗುಣಿಸಿದರೆ 10,080 ಬಂತು. ಬೇಕಾದದ್ದರ ಹದಿನಾರು ಪಟ್ಟಿಗೂ ಜಾಸ್ತಿ! ಹಾಳೆಯ ಪ್ರಕಾರ ಅವಳಿಗೆ ನಮ್ಮಿಂದ ಏನೂ ಬೇಕಾಗಿಲ್ಲ. ಮಾತು ಮುಗಿದ ಮೇಲೆ ಅವಳು ಎರಡೂ ಕೈ ಮೊಣಕಾಲಿಗೆ ಊರಿ, ತುಟಿ ಕಚ್ಚಿ ಎದ್ದು ನಿಂತಳು. ವಯಸ್ಸು ಇನ್ನೂ ನಲವತ್ತು ದಾಟಿಲ್ಲ.

ದೇಶದ ಲೆಕ್ಕ ಬೇರೆಯೇ ಹೇಳುತ್ತದೆ. 2024ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಭಾರತದ ವಯಸ್ಕರಲ್ಲಿ ಹತ್ತಿರ ಅರ್ಧದಷ್ಟು ಜನರಿಗೆ ಸಾಕಷ್ಟು ಮೈಚಟುವಟಿಕೆ ಇಲ್ಲ. ಹೆಂಗಸರಲ್ಲಿ ಇದು ಶೇಕಡಾ 57. ಈ ಅಂಕಿ ಇಟ್ಟುಕೊಂಡು ನಮ್ಮ ಊರಿಗೆ ಹೋಗಿ 'ವಾರಕ್ಕೆ 150 ನಿಮಿಷ ನಡೀರಿ' ಎಂದರೆ ಹೇಗಿರುತ್ತದೆ? ಒಬ್ಬ ಮುದುಕಿ ನೇರವಾಗಿಯೇ ಕೇಳಿದರು: "ಯವ್ವಾ, ಹೊಲಕ್ಕ ಹೋಗಿ ಬಂದ್ ಮ್ಯಾಲ ಮತ್ಯಾಕ ನಡೀಬೇಕು?"

ಆ ಪ್ರಶ್ನೆಗೆ ಉತ್ತರ ಕೊಡಲು ನನಗೆ ತಿಂಗಳುಗಟ್ಟಲೆ ಹಿಡಿಯಿತು. ನಮ್ಮ ವಿಷಯದ ಬುನಾದಿ ಎನ್ನುವ ಅಧ್ಯಯನ 1953ರದು. ಜೆರ್ರಿ ಮಾರಿಸ್ ಮತ್ತು ಅವರ ಜೊತೆಗಾರರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಡ್ರೈವರ್ ಮತ್ತು ಕಂಡಕ್ಟರುಗಳನ್ನು ಹೋಲಿಸಿ ನೋಡಿದರು. ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಿಗೆ ಹೃದ್ರೋಗ ಕಡಿಮೆ ಇತ್ತು, ಕೂತೇ ಇರುವ ಡ್ರೈವರುಗಳಿಗೆ ಜಾಸ್ತಿ. ದುಡಿಮೆಯಲ್ಲೇ ಸಿಕ್ಕ ವ್ಯಾಯಾಮ ಅದು. ಆದರೆ ಮೆಟ್ಟಿಲು ಹತ್ತುವುದು ಒಂದು ಬಗೆ, ಬಿಸಿಲಲ್ಲಿ ಏಳು ತಾಸು ಬಗ್ಗಿ ಒಂದೇ ಥರ ಕೈಯಾಡಿಸುವುದು ಇನ್ನೊಂದು ಬಗೆ. ಮೈಯಲ್ಲಿ ರಕ್ತ ಕಡಿಮೆ, ನಡುವೆ ಬಿಡುವಿಲ್ಲ, ನಿಲ್ಲಿಸುವುದು ತನ್ನ ಕೈಯಲ್ಲಿಲ್ಲ. ಬಿಡುವಿನಲ್ಲಿ ಮನಸ್ಸಿಟ್ಟು ಮಾಡುವ ಚಟುವಟಿಕೆಯಿಂದ ಹೃದಯಕ್ಕೆ ಸಿಗುವಷ್ಟು ಲಾಭ ಭಾರೀ ದುಡಿಮೆಯಿಂದ ಸಿಗುವುದಿಲ್ಲ ಎಂದು ಈಚಿನ ಹಲವು ಅಧ್ಯಯನಗಳು ಹೇಳುತ್ತಿವೆ. ಅವುಗಳಲ್ಲಿ ಹೆಚ್ಚಿನವು ಯುರೋಪಿನವು. ಆದರೂ ಮೊಣಕಾಲಿಗೆ ಕೈ ಊರಿ ಎದ್ದ ಆ ಹೆಣ್ಣುಮಗಳನ್ನು ನೋಡಿದ ಮೇಲೆ ನನಗೆ ಆ ಮಾತು ನಿಜ ಅನ್ನಿಸಿತು. ಅವಳಿಗೆ ಇನ್ನಷ್ಟು ಶ್ರಮ ಬೇಕಿರಲಿಲ್ಲ. ತನ್ನದು ಅನ್ನುವ ಒಂದಿಷ್ಟು ಹೊತ್ತು ಬೇಕಿತ್ತು.

ಆ ಹೊತ್ತು ಎಲ್ಲಿದೆ ಎಂದು ಹುಡುಕಲು ತೊಗರಿ ಕಾಳು ತಂದೆವು. ಈ ವಿಧಾನ ಹೊಸದೇನಲ್ಲ, ಊರುಗಳಲ್ಲಿ ಜನರ ಜೊತೆ ಕೂತು ಕೆಲಸ ಮಾಡುವವರಿಗೆ ಗೊತ್ತಿರುವಂಥದ್ದೇ. ಆಶಾ ಅಕ್ಕನ ಮನೆಯ ಅಂಗಳದಲ್ಲಿ ಶಹಾಬಾದ್ ಪರಸಿ ಕಲ್ಲು ಹಾಸಿದ್ದಾರೆ. ಅದರ ಮೇಲೆ ಸೀಮೆಸುಣ್ಣದಲ್ಲಿ ಮನೆಗಳನ್ನು ಬರೆದೆವು. ಒಲೆ, ನೀರು, ಹೊಲ, ದನ, ಮಕ್ಕಳು, ನಿದ್ದೆ, ಕೊನೆಗೆ ಒಂದು 'ನನಗಾಗಿ'. ಒಂದು ಕಾಳು ಅಂದರೆ ಅರ್ಧ ತಾಸು. ಒಬ್ಬೊಬ್ಬರಿಗೆ 48 ಕಾಳು. ಹೆಂಗಸರು ಚಕಚಕನೆ ಇಟ್ಟರು, ಕೈಗೆ ಲೆಕ್ಕ ಗೊತ್ತೇ ಇತ್ತು. ಹೊಲಕ್ಕೆ ಒಂದು ಗುಡ್ಡೆ, ಒಲೆಗೆ ಒಂದು ಗುಡ್ಡೆ. 'ನನಗಾಗಿ' ಎನ್ನುವ ಮನೆಗೆ ಬಂದಾಗ ಹೆಚ್ಚಿನವರ ಕೈಯಲ್ಲಿ ಕಾಳೇ ಉಳಿದಿರಲಿಲ್ಲ. ಒಬ್ಬರು ನಿದ್ದೆಯ ಮನೆಯಿಂದ ಎರಡು ಕಾಳು ಎತ್ತಿ ಅಲ್ಲಿಟ್ಟರು. ಸ್ವಲ್ಪ ಹೊತ್ತು ನೋಡಿದರು. ಒಂದನ್ನು ವಾಪಸ್ ನಿದ್ದೆಗೇ ಇಟ್ಟರು. ಇನ್ನೊಂದು ಯಾವುದಕ್ಕೆ ಎಂದು ಕೇಳಿದೆ. "ಸಂಘದ ಮೀಟಿಂಗ್ ರೀ" ಅಂದರು.

ಮರುದಿನ ಕಟ್ಟೆಯ ಮೇಲೆ ಕೂತಿದ್ದ ಗಂಡಸರಿಗೂ ಕಾಳು ಕೊಟ್ಟೆವು. ಅವರ 'ನನಗಾಗಿ' ಮನೆಯಲ್ಲಿ ಗುಡ್ಡೆ ಬಿತ್ತು. ಯಾರೂ ಯಾರನ್ನೂ ಬೈಯಲಿಲ್ಲ. ಎರಡೂ ಲೆಕ್ಕ ಒಂದೇ ಹಾಳೆಯಲ್ಲಿ ಬರೆದು ಊರಿನ ಆರೋಗ್ಯ ಸಮಿತಿಯ ಸಭೆಯಲ್ಲಿ ಇಟ್ಟೆವು. ಸುಮ್ಮನೆ ನೋಡಿದರು. ಆಮೇಲೆ ಒಬ್ಬ ಹಿರಿಯರು, "ಬೆಳಗಿನ್ಯಾಗ ಆಗಂಗಿಲ್ಲ, ಸಂಜಿಕ್ ಐದರಿಂದ ಆರು ನೋಡ್ರಿ. ಹೊಲದಿಂದ ಬಂದಿರ್ತಾರ, ಒಲಿ ಇನ್ನಾ ಹಚ್ಚಿರಂಗಿಲ್ಲ" ಅಂದರು. ನಮ್ಮ ಇಡೀ ಕಾರ್ಯಕ್ರಮದ ಸಮಯ ಆ ಒಂದು ಮಾತಿನಿಂದ ನಿಗದಿಯಾಯಿತು.

ನಡಿಗೆಯನ್ನು ಬಿಟ್ಟುಬಿಟ್ಟೆವು. ಆಟ ಎಂದೆವು. 1986ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಒಪ್ಪಿದ ಸನ್ನದು ನಮ್ಮ ವಿಷಯದವರೆಲ್ಲ ಓದುವಂಥದ್ದು. ಜನ ಕಲಿಯುವ, ದುಡಿಯುವ, ಆಡುವ, ಪ್ರೀತಿಸುವ ಜಾಗಗಳಲ್ಲೇ ಆರೋಗ್ಯ ಹುಟ್ಟುತ್ತದೆ ಎಂದು ಅದರಲ್ಲಿದೆ. ಓದುವಾಗ 'ಆಡುವ' ಎನ್ನುವ ಪದದ ಮೇಲೆ ನಾನು ಅಷ್ಟಾಗಿ ನಿಂತಿರಲಿಲ್ಲ.

ಮೊದಲು 13ರಿಂದ 19 ವರ್ಷದ ಹುಡುಗಿಯರಿಂದ ಶುರು ಮಾಡಿದೆವು. ಖೋಖೋ ಆರಿಸಿದ್ದು ಅವರೇ. ನನಗೂ ಸರಿ ಅನ್ನಿಸಿತು. ಚೆಂಡು ಬೇಡ, ಬ್ಯಾಟು ಬೇಡ, ಚೂಡಿದಾರ್ ಹಾಕಿಕೊಂಡೇ ಆಡಬಹುದು. ಎರಡು ಕಂಬ ಇದ್ದರೆ ಆಯಿತು. ಊರಿನ ಬಡಿಗೇರರು ಬೇವಿನ ಮರದಲ್ಲಿ ಕಂಬ ಮಾಡಿ, ಕೈಗೆ ಸಿಬಿರು ಚುಚ್ಚದ ಹಾಗೆ ಉಜ್ಜಿ ಕೊಟ್ಟರು. ನೆಲದಿಂದ ನಾಲ್ಕು ಅಡಿ ಎತ್ತರ.

ನೆಲದ್ದೇ ಕಷ್ಟ. ನಮ್ಮದು ಎರೆ ಭೂಮಿ. ಮಳೆ ಬಂದರೆ ಹೆಜ್ಜೆಗೆ ಒಂದು ಕಿಲೋ ಮಣ್ಣು ಅಂಟುತ್ತದೆ, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ. ಓಡುವ ಆಟಕ್ಕೆ ಎರಡೂ ಅಪಾಯ. ಜಾಲಿ ಮುಳ್ಳು ಬೇರೆ. ಆಟದ ಮೈದಾನ ಮಾಡುವುದು ಆಗ ಉದ್ಯೋಗ ಖಾತ್ರಿಯ ಕೆಲಸಗಳ ಪಟ್ಟಿಯಲ್ಲೇ ಇತ್ತು, ಬಹಳ ಊರುಗಳಲ್ಲಿ ಯಾರೂ ಕೇಳುತ್ತಿರಲಿಲ್ಲ ಅಷ್ಟೇ. ಪಂಚಾಯಿತಿಯಲ್ಲಿ ಕೇಳಿದೆವು. ಜಾಲಿ ಕಡಿದು, ಗರಸು ಹಾಕಿ, ನೆಲ ಗಟ್ಟಿ ಮಾಡುವ ಕೆಲಸ ಸಿಕ್ಕಿತು. ಆ ಕೆಲಸಕ್ಕೆ ಬಂದವರಲ್ಲಿ ಹೆಚ್ಚಿನವರು ಇದೇ ಹುಡುಗಿಯರ ತಾಯಂದಿರು. ಮೈದಾನ ತಮ್ಮದು ಅನ್ನುವ ಭಾವ ಅವರಿಗೆ ಅಲ್ಲಿಂದಲೇ ಬಂತು.

ಖೋಖೋದಲ್ಲಿ ಎಂಟು ಜನ ಸಾಲಾಗಿ ಕೂತಿರುತ್ತಾರೆ, ಒಬ್ಬರು ಆ ಕಡೆ, ಪಕ್ಕದವರು ಈ ಕಡೆ ಮುಖ ಮಾಡಿ. ಒಂಬತ್ತನೆಯವಳು ಅಟ್ಟಿಸಿಕೊಂಡು ಓಡುತ್ತಾಳೆ. ಕೂತವಳನ್ನು ಎಬ್ಬಿಸಬೇಕಾದರೆ ಬೆನ್ನು ಮುಟ್ಟಬೇಕು, ಜೊತೆಗೆ 'ಖೋ' ಎಂದು ಕೂಗಬೇಕು. ಎರಡೂ ಆಗಬೇಕು, ಇಲ್ಲದಿದ್ದರೆ ತಪ್ಪು. ಮೊದಲ ವಾರ ನಮ್ಮ ಆಟ ನಿಂತು ನಿಂತು ಹೋಗುತ್ತಿತ್ತು. ಹುಡುಗಿಯರು ಬೆನ್ನು ಮುಟ್ಟುತ್ತಿದ್ದರು, ದನಿಯೇ ಬರುತ್ತಿರಲಿಲ್ಲ. ತುಟಿ ಅಲುಗುತ್ತಿತ್ತು ಅಷ್ಟೇ. ಮೈದಾನದ ಆಚೆ ಕಟ್ಟೆ ಇದೆ, ಅಲ್ಲಿ ಗಂಡಸರು ಕೂತಿರುತ್ತಾರೆ. ಹೆಣ್ಣುಮಕ್ಕಳ ದನಿ ಹೊಸ್ತಿಲು ದಾಟಬಾರದು ಎಂದು ಕೇಳಿಕೊಂಡು ಬೆಳೆದವರು ಇವರು. ನಾವು ನಿಯಮ ಸಡಿಲ ಮಾಡಲಿಲ್ಲ. ಕೂಗು ಕೇಳದಿದ್ದರೆ ತಪ್ಪು ಎಂದೇ ಹಿಡಿದೆವು. ಹತ್ತನೇ ದಿನವೋ ಹನ್ನೊಂದನೇ ದಿನವೋ, ಎಂಟನೇ ಇಯತ್ತೆಯ ಒಬ್ಬ ಹುಡುಗಿ ಸೋಲುವ ಸಿಟ್ಟಿನಲ್ಲಿ 'ಖೋ!' ಎಂದು ಕಿರುಚಿದಳು. ಕಟ್ಟೆಯ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಆಟ ನಿಲ್ಲಲಿಲ್ಲ. ಆ ಸಂಜೆ ಮನೆಗೆ ಹೋಗುವಾಗಲೂ ಓಣಿಯ ತುಂಬ ಖೋ ಖೋ ಎನ್ನುತ್ತಲೇ ಹೋದರು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆದು, ಭಾರತದ ಮಹಿಳೆಯರು ಗೆದ್ದಾಗ ಮೊಬೈಲ್ ಹಿಡಿದು ಇದೇ ಮೈದಾನದಲ್ಲಿ ನೋಡಿದೆವು. ಆ ತಂಡದಲ್ಲಿ ನಮ್ಮ ಕರ್ನಾಟಕದ ಚೈತ್ರಾ ಇದ್ದರು. 'ನಮ್ಮ ರಾಜ್ಯದಾಕಿ' ಎಂದು ಹುಡುಗಿಯರು ಕುಣಿದಾಡಿದರು.

ಇನ್ನು ಬೀಗದ ಕೈ ವಿಷಯ. ತಿಂಗಳಲ್ಲಿ ಕೆಲವು ದಿನ ಒಬ್ಬೊಬ್ಬ ಹುಡುಗಿ ಬರುತ್ತಿರಲಿಲ್ಲ. ಮುಟ್ಟಿನ ದಿನಗಳು ಎಂದು ಗೊತ್ತಾಗಲು ತಡವಾಗಲಿಲ್ಲ. ಮಡಿ, ಮೈಲಿಗೆ, ನಾಚಿಕೆ ಎಂದು ನಾನು ಕಾರಣ ಹುಡುಕುತ್ತಿದ್ದೆ. ಕೇಳಿದರೆ ಉತ್ತರ ಬಹಳ ಸರಳ ಇತ್ತು. ಶಾಲೆ ಬಿಟ್ಟ ಮೇಲೆ ಶೌಚಾಲಯಕ್ಕೆ ಬೀಗ. ಬಟ್ಟೆ ಬದಲಿಸಲು ಜಾಗವಿಲ್ಲ. ಬೀಗದ ಕೈ ಒಂದನ್ನು ಬಿಸಿಯೂಟ ಮಾಡುವ ಅಕ್ಕನ ಹತ್ತಿರ ಇಡಲು ಶಾಲೆಯವರು ಒಪ್ಪಿದರು. ಅವರ ಮನೆ ಮೈದಾನಕ್ಕೆ ತಾಗಿಕೊಂಡೇ ಇದೆ. ಅಕ್ಕ ಐದು ಗಂಟೆಗೆ ಬೀಗ ತೆಗೆದು ಒಂದು ಬಕೆಟ್ ನೀರು ತುಂಬಿಡುತ್ತಿದ್ದರು. ಮುಂದಿನ ತಿಂಗಳ ಹಾಜರಿ ಪುಸ್ತಕದಲ್ಲಿ ಆ ಖಾಲಿ ಜಾಗಗಳು ಬಹಳ ಮಟ್ಟಿಗೆ ತುಂಬಿದವು. ಆಟದ ಕಾರ್ಯಕ್ರಮ ಮಾಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಕೋಚ್ ಹುಡುಕುವ ಮೊದಲು ಶೌಚಾಲಯದ ಬೀಗದ ಕೈ ಯಾರ ಹತ್ತಿರ ಇದೆ, ಕೇಳಿ.

ನನ್ನಿಂದ ಆದ ದೊಡ್ಡ ತಪ್ಪು ಮೂರನೇ ವಾರದಲ್ಲಿ. ಓಡುತ್ತಿದ್ದ ಒಬ್ಬ ಹುಡುಗಿ ಕಂಬದ ಹತ್ತಿರ ಕುಸಿದು ಬಿದ್ದಳು. ಮುಖ ಬಿಳುಚಿತ್ತು, ಕಣ್ಣಿನ ಕೆಳ ರೆಪ್ಪೆ ಎಳೆದು ನೋಡಿದರೆ ಕೆಂಪೇ ಇಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹಿಮೋಗ್ಲೋಬಿನ್ ಎಂಟಕ್ಕಿಂತ ಕೆಳಗಿತ್ತು. ಆ ವಯಸ್ಸಿನ ಹುಡುಗಿಯರಿಗೆ 12 ಇರಬೇಕು. ಎಂಟಕ್ಕಿಂತ ಕೆಳಗೆ ಹೋದರೆ ತೀವ್ರ ರಕ್ತಹೀನತೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ, ಅಂದರೆ 2019–21ರಲ್ಲಿ, ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 47.8 ಜನರಿಗೆ ರಕ್ತಹೀನತೆ ಇತ್ತು. ಈ ಅಂಕಿ ನನಗೆ ಬಾಯಿಪಾಠ. ತರಬೇತಿಗಳಲ್ಲಿ ಹೇಳುತ್ತಿದ್ದೆ. ಆದರೂ ಓಡಿಸುವ ಮೊದಲು ಈ ಹುಡುಗಿಯರ ರಕ್ತ ಪರೀಕ್ಷೆ ಮಾಡಿಸಿರಲಿಲ್ಲ. ತಂದೆ ತಾಯಿಯ ಒಪ್ಪಿಗೆ ಪತ್ರ ಇತ್ತು, ಹುಡುಗಿಯರ ಒಪ್ಪಿಗೆ ಇತ್ತು, ಸಂಶೋಧನೆಗೆ ಬೇಕಾದ ನೈತಿಕ ಸಮಿತಿಯ ಅನುಮತಿ ಇತ್ತು. ಆ ಪರೀಕ್ಷೆ ಮಾತ್ರ ಇರಲಿಲ್ಲ. ಅವಳ ತಾಯಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅವರ ಮುಖ ಇವತ್ತಿಗೂ ನನ್ನ ಕಣ್ಣ ಮುಂದೆ ಇದೆ.

ಆಟ ನಿಲ್ಲಿಸಿದೆವು. ಊರಲ್ಲಿ 'ಆಟದಿಂದಾನೇ ಬಿದ್ಲು' ಎನ್ನುವ ಮಾತು ಹಬ್ಬಿತ್ತು. ಮನೆಮನೆಗೆ ಹೋಗಿ ನನ್ನ ತಪ್ಪು ಇಂಥದ್ದು ಎಂದು ಹೇಳಿದೆ. ಆಮೇಲೆ ಆರೋಗ್ಯ ಸಹಾಯಕಿಯವರ ಜೊತೆ ಸೇರಿ ಎಲ್ಲ ಹುಡುಗಿಯರ ಹಿಮೋಗ್ಲೋಬಿನ್ ನೋಡಿದೆವು. ತೀರಾ ಕಡಿಮೆ ಇದ್ದವರಿಗೆ ವೈದ್ಯರ ಚಿಕಿತ್ಸೆ, ಅಲ್ಲಿಯವರೆಗೆ ಓಡುವುದು ಬೇಡ. ಅವರು ಅಂಕ ಬರೆಯುವುದು, ಸೀಟಿ ಊದುವುದು ಮಾಡಿದರು. ಹಾಗಾಗಿ ಗುಂಪಿನಿಂದ ಯಾರೂ ಹೊರಗೆ ಹೋಗಲಿಲ್ಲ. ಉಳಿದವರಿಗೆ ವಾರಕ್ಕೊಂದು ಕಬ್ಬಿಣಾಂಶದ ನೀಲಿ ಗುಳಿಗೆ. ಅದು ಮೊದಲಿನಿಂದಲೂ ಊರಿಗೆ ಬರುತ್ತಲೇ ಇತ್ತು. ನುಂಗುತ್ತಿದ್ದವರು ಕಡಿಮೆ. ಖಾಲಿ ಹೊಟ್ಟೆಯಲ್ಲಿ ತಗೊಂಡು ವಾಂತಿ ಬಂತು ಅಂತಲೋ, ಮಲ ಕಪ್ಪಾಯಿತು ಎಂಬ ಭಯದಿಂದಲೋ ಬಿಟ್ಟಿದ್ದರು. ಕಪ್ಪಾಗುವುದು ಸಹಜ, ಊಟ ಆದ ಮೇಲೆ ತಗೊಳ್ಳಿ, ಮೇಲೆ ನಿಂಬೆ ಪಾನಕ ಕುಡಿಯಿರಿ, ಒಂದು ತಾಸು ಚಹಾ ಬೇಡ ಎಂದು ಮೈದಾನದಲ್ಲೇ ಕೂತು ಮಾತಾಡಿದೆವು. ಚಹಾ ಕಬ್ಬಿಣಾಂಶವನ್ನು ಮೈಗೆ ಹತ್ತಲು ಬಿಡುವುದಿಲ್ಲ, ನಿಂಬೆಯ ಹುಳಿ ಹತ್ತಿಸುತ್ತದೆ. ನಮ್ಮ ಪುಂಡಿ ಪಲ್ಯ, ಶೇಂಗಾ, ಬೆಲ್ಲದ ಮಾತೂ ಬಂತು. ಆಟ ಮುಗಿದ ಮೇಲೆ ಒಂದೊಂದು ಶೇಂಗಾ ಉಂಡಿ ಕೊಡುವುದನ್ನು ತಾಯಂದಿರ ಸಂಘವೇ ವಹಿಸಿಕೊಂಡಿತು. ಒಬ್ಬಳು ಗುಳಿಗೆ ನುಂಗಿದರೆ ಪಕ್ಕದವಳೂ ನುಂಗುತ್ತಾಳೆ. ತರಗತಿಯಲ್ಲಿ ಆಗದ್ದು ತಂಡದಲ್ಲಿ ಆಯಿತು. ಬಿದ್ದಿದ್ದ ಹುಡುಗಿ ನಾಲ್ಕು ತಿಂಗಳ ನಂತರ ವೈದ್ಯರ ಒಪ್ಪಿಗೆ ಪಡೆದು ಆಟಕ್ಕೆ ಬಂದಳು.

ಗಂಡಸರ ವಿಷಯ ನಾನು ಯೋಚಿಸಿಯೇ ಇರಲಿಲ್ಲ. ಅವರು ಆಟ ನೋಡಲು ಕಟ್ಟೆ ಬಿಟ್ಟು ಮೈದಾನದ ಅಂಚಿಗೆ ಬಂದರು. ಮೂವತ್ತು ದಾಟಿದವರ ಬಿಪಿ ನೋಡಬೇಕು ಎಂದು ಸರ್ಕಾರದ ಕಾರ್ಯಕ್ರಮವೇ ಇದೆ, ಆದರೆ ಗಂಡಸರು ಮನೆಯಲ್ಲಿ ಸಿಗುವುದಿಲ್ಲ ಎನ್ನುವುದು ಆಶಾ ಅಕ್ಕನ ನಿತ್ಯದ ಕೊರಗು. ಇಲ್ಲಿ ಸಾಲಾಗಿ ಕೂತಿದ್ದಾರೆ, ಎದ್ದು ಹೋಗುವ ಮನಸ್ಸೂ ಇಲ್ಲ! ಶುಕ್ರವಾರ ಸಂಜೆ ಬೇವಿನ ಮರದ ಕೆಳಗೆ ಬಿಪಿ ಮಷಿನ್ ಇಟ್ಟೆವು. ಐದು ನಿಮಿಷ ಸುಮ್ಮನೆ ಕೂರಿಸಿ ನೋಡುವುದು, 140/90 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಬೇರೆ ದಿನ ಮತ್ತೆ ನೋಡುವುದು. ಒಂದೇ ಸಲ ನೋಡಿ ರೋಗ ಎನ್ನಬಾರದು, ಪಂದ್ಯ ನೋಡುತ್ತ ಕೂಗಾಡಿದ ಮೇಲಂತೂ ನೋಡಲೇಬಾರದು. ತನಗೆ ಬಿಪಿ ಇದೆ ಎಂದು ಕೆಲವರಿಗೆ ಮೊದಲ ಸಲ ಗೊತ್ತಾದದ್ದು ಆ ಮರದ ಕೆಳಗೆ.

ತಾಯಂದಿರನ್ನು ಖೋಖೋಗೆ ಕರೆದರೆ ನಕ್ಕುಬಿಟ್ಟರು. ಅವರ ಆಟದ ದಾರಿ ಬೇರೆ ಇತ್ತು. ನಾಗರ ಪಂಚಮಿಗೆ ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ದೊಡ್ಡ ಮರಕ್ಕೆ ಜೋಕಾಲಿ ಕಟ್ಟುತ್ತಾರೆ. ಆ ದಿನ ಜೀಕಲು ಯಾರ ಅಪ್ಪಣೆಯೂ ಬೇಕಿಲ್ಲ. ಅರವತ್ತರ ಅಜ್ಜಿಯೂ ಸೆರಗು ಸಿಕ್ಕಿಸಿ ನಿಂತು ಜೀಕುತ್ತಾರೆ, ಇಬ್ಬಿಬ್ಬರು ಕೈ ಹಿಡಿದು ಗಿರಗಿರನೆ ತಿರುಗುವ ಫುಗಡಿ ಆಡುತ್ತಾರೆ. ಆ ಪಂಚಮಿಯಂದು ಮೈದಾನದ ಬೇವಿನ ಮರಕ್ಕೇ ಜೋಕಾಲಿ ಕಟ್ಟಿ ಎಂದು ಕೇಳಿಕೊಂಡೆವು. ಹಬ್ಬ ಮುಗಿದ ಮೇಲೆ ಹಗ್ಗ ಬಿಚ್ಚಲಿಲ್ಲ. ಅಷ್ಟೇ ನಾವು ಮಾಡಿದ್ದು. ಮಗಳ ಆಟ ನೋಡುವ ನೆಪದಲ್ಲಿ ಬರುತ್ತಿದ್ದವರು ಒಂದೆರಡು ಸಲ ಜೀಕಿದರು. ಆಮೇಲೆ ಫುಗಡಿ, ಆಮೇಲೆ ಕೋಲಾಟ. ಮೊಣಕಾಲು ನೋವಿದ್ದವರಿಗೆ ಕುರ್ಚಿಯಿಂದ ಎದ್ದು ಕೂರುವ ಸಣ್ಣ ವ್ಯಾಯಾಮವನ್ನು ಹಾಡಿನ ತಾಳಕ್ಕೆ ಹೊಂದಿಸಿದೆವು. 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತಾರೆ ಎಂದು ಎಣಿಸುವುದು ಕಾಲಿನ ಬಲ ಅಳೆಯುವ ಪರೀಕ್ಷೆಯೂ ಹೌದು. ಕುರ್ಚಿ ಹದಿನೇಳು ಇಂಚು ಎತ್ತರ ಇರಬೇಕು, ಕೈ ಎದೆಯ ಮೇಲೆ ಮಡಚಿಕೊಳ್ಳಬೇಕು. ಮೊಣಕಾಲಿಗೆ ಕೈ ಊರಿ ಎದ್ದಿದ್ದ ಆ ಹೆಣ್ಣುಮಗಳೇ ಈಗ ಉಳಿದವರಿಗೆ ಎಣಿಸುತ್ತಾಳೆ.

ಹೊರಗಿನವರು ನಮ್ಮ ಹಾಜರಿ ಪುಸ್ತಕ ನೋಡಿದರೆ ಕಾರ್ಯಕ್ರಮ ಬಿದ್ದುಹೋಗಿದೆ ಅನ್ನಬಹುದು. ಹತ್ತಿ ಬಿಡಿಸುವ ತಿಂಗಳುಗಳಲ್ಲಿ ಮೈದಾನ ಅರ್ಧ ಖಾಲಿ. ತೊಗರಿ ರಾಶಿ ಮುಗಿದ ಮೇಲೆ ಕೆಲವು ಮನೆಗಳು ಬೆಂಗಳೂರು, ಪುಣೆ, ಮುಂಬೈಗೆ ದುಡಿಯಲು ಹೋಗುತ್ತವೆ, ಮಕ್ಕಳೂ ಜೊತೆಗೆ. ಏಪ್ರಿಲ್, ಮೇದಲ್ಲಿ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚುತ್ತವೆ. ಅಂಥ ಬಿಸಿಲಲ್ಲಿ ಸಂಜೆ ಐದಕ್ಕೆ ಮಕ್ಕಳನ್ನು ಓಡಿಸುವುದು ತಪ್ಪು. ಆರೂವರೆ ದಾಟಿದ ಮೇಲೆ ಬೀದಿ ದೀಪದ ಬೆಳಕಲ್ಲಿ ಅರ್ಧ ತಾಸು ಮಾತ್ರ, ಕೊಡದ ತುಂಬ ನೀರು ಪಕ್ಕದಲ್ಲೇ. ಇದನ್ನೆಲ್ಲ ನಾನು ಮೊದಲ ವರ್ಷ 'ಬಿಟ್ಟುಹೋದವರು' ಎಂದು ಬರೆದಿದ್ದೆ. ಎರಡನೇ ವರ್ಷ ಅವರೇ ತಿರುಗಿ ಬಂದಾಗ ಆ ಕಾಲಂ ಹೊಡೆದು ಹಾಕಿದೆ. ಊರಿನ ವರ್ಷಕ್ಕೆ ತನ್ನದೇ ಲಯ ಇದೆ, ನಮ್ಮ ವರದಿಯ ತಿಂಗಳುಗಳಿಗೆ ಅದು ಹೊಂದುವುದಿಲ್ಲ.

ಯೋಜನೆಯ ಹಣ ಮುಗಿದು ಕೆಲವು ತಿಂಗಳಾದ ಮೇಲೆ ಹೋಗಿದ್ದೆ. ಗೆರೆ ಹಾಕಲು ನಾವು ತಂದಿಟ್ಟಿದ್ದ ಸುಣ್ಣದ ಪುಡಿ ಖಾಲಿಯಾಗಿತ್ತು. ಬಿಸಿಯೂಟದ ಅಕ್ಕನ ಮಗಳು ಒಲೆಯ ಬೂದಿ ಜರಡಿ ಹಿಡಿದು ತಂದು ಗೆರೆ ಎಳೆಯುತ್ತಿದ್ದಳು. ಸೀಟಿ ಅವಳ ಕೊರಳಲ್ಲೇ ಇತ್ತು.

ಆದರೆ ಒಂದು ಗುಂಪು ನನಗೆ ಇನ್ನೂ ಸಿಕ್ಕಿಲ್ಲ. ಮದುವೆಯಾಗಿ ಈ ಊರಿಗೆ ಬಂದ ಚಿಕ್ಕ ಸೊಸೆಯಂದಿರು. ಮಗಳು ಆಡಿದರೆ ತಾಯಿಗೆ ಸಂತೋಷ, ಸೊಸೆ ಆಡುವುದು ಅಂದರೆ ಮಾತೇ ಬೇರೆ. ನಮ್ಮ ಖೋಖೋ ತಂಡದ ಇಬ್ಬರು ಮದುವೆಯಾಗಿ ಬೇರೆ ಊರಿಗೆ ಹೋದರು, ಅಲ್ಲಿ ಅವರೂ ಆಡುವುದಿಲ್ಲ. ಪಂಚಮಿಗೆ ತವರಿಗೆ ಬಂದಾಗ ಮೈದಾನಕ್ಕೆ ಬಂದು ಒಂದು ಸುತ್ತು ಓಡಿ ಹೋದರು. ಇದನ್ನು ಬಿಸಿಯೂಟದ ಅಕ್ಕನ ಹತ್ತಿರ ಹೇಳಿಕೊಂಡೆ. "ಅತ್ತಿ ಸೊಸಿ ಇಬ್ಬರ್ನೂ ಒಮ್ಮೆ ಕೂಡಿಸ್ರಿ, ಕಾಳ್ ಕೊಡ್ರಿ" ಅಂದರು. ಎಳ್ಳ ಅಮಾವಾಸ್ಯೆ ಮುಗಿದ ಮೇಲೆ, ಹೊಸ ತೊಗರಿ ಬಂದಾಗ, ಅದೇ ಪರಸಿ ಕಲ್ಲಿನ ಮೇಲೆ ಅತ್ತೆ ಸೊಸೆಯರನ್ನು ಎದುರುಬದುರು ಕೂರಿಸಬೇಕು ಎಂದು ದಿನ ಗೊತ್ತು ಮಾಡಿದ್ದೇವೆ.